ಶಿವಗಂಗೆ ತುಪ್ಪ ಮತ್ತು ಹೆಸರಿನ ಬೆಲೆ

"ಶಿವಗಂಗೆ ತುಪ್ಪ ಅಂತ ಹೆಸರಿಟ್ಟು ಆನ್‌ಲೈನಲ್ಲಿ ಮಾರಿದ್ರೆ ಹೆಂಗೆ ಅಣ್ಣ?" ನಮ್ಮ ಕಡೆಯ ಹುಡುಗರು ಈಗೀಗ ಕೇಳುವ ಪ್ರಶ್ನೆ ಇದು. ಯೋಚನೆಯೇನೋ ಚೆನ್ನಾಗಿದೆ. ಗಂಗಾಧರೇಶ್ವರನಿಗೆ ಹಚ್ಚಿದ ತುಪ್ಪ ಬೆಣ್ಣೆಯಾಗುತ್ತದೆ ಅನ್ನೋ ಮಾತು ನಾಡಿಗೇ ಗೊತ್ತು. ಇದಕ್ಕಿಂತ ಜಾಹೀರಾತು ಬೇಕೆ?

ಬೇಕು ಅಂತೀನಿ ನಾನು. ಬೆಟ್ಟ ಹತ್ತಿದವರು ಕಣ್ಣಾರೆ ಕಂಡು ನಂಬುತ್ತಾರೆ. ಮೊಬೈಲಿನಲ್ಲಿ ತುಪ್ಪದ ಘಮ ಬರೋದಿಲ್ಲವಲ್ಲ! ಅಲ್ಲಿ ಗಿರಾಕಿಗೆ ಆಧಾರ ಹೆಸರೊಂದೇ. 'ನಂದಿನಿ ತುಪ್ಪ' ಅಂತ ಹುಡುಕುವವರು ನಂದಿನಿಯನ್ನೇ ಕೊಳ್ಳುತ್ತಾರೆ. ಬರೀ 'ತುಪ್ಪ' ಅಂತ ಹುಡುಕುವವರ ಕಣ್ಣಿಗೆ ಬೀಳಬೇಕಾದರೆ ಹೊಸಬರು ದುಡ್ಡು ಸುರಿಯಬೇಕು. ಸುರಿಯೋದು ನಿಲ್ಲಿಸಿದ ದಿನ ಮಾಯ.

ದೋಸೆ ಹಿಟ್ಟನ್ನೇ ನೋಡಿ. 2005ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐಡಿ ಕಂಪನಿಯವರು ಕೆಲವೇ ಅಂಗಡಿಗಳಿಗೆ ಪ್ಯಾಕೆಟ್ ಹಾಕುತ್ತಾ ಹೆಸರು ಗಳಿಸಿದರು. 2024ರ ಡಿಸೆಂಬರಿನಲ್ಲಿ ಕೆಎಂಎಫ್ ಕೂಡ ಹಿಟ್ಟು ತಂತು. ಅದಕ್ಕೆ ಹೊಸ ಹೆಸರು ಹುಡುಕಲಿಲ್ಲ, ನಂದಿನಿ ಅಂತಲೇ ಇಟ್ಟರು. "ನಾವ್ಯಾರು" ಅಂತ ಪರಿಚಯ ಹೇಳಿಕೊಳ್ಳುವ ಖರ್ಚೇ ಇಲ್ಲ. ಆ ಪರಿಚಯ ನಮ್ಮ ನೆಲಮಂಗಲದಂಥ ಕಡೆಯ ರೈತರು ದಿನಾ ಬೆಳಗ್ಗೆ ಸಂಜೆ ಡೇರಿಗೆ ಹಾಲು ಹಾಕಿ ದಶಕಗಳಲ್ಲಿ ಕಟ್ಟಿದ್ದು.

ಹಾಗಂತ ಹಳಬರು ಕಾಲು ಚಾಚಿ ಕೂರುವ ಹಾಗೂ ಇಲ್ಲ. ಮೈಸೂರು ಸ್ಯಾಂಡಲ್ ಸೋಪಿಗೆ ನೂರು ವರ್ಷ ದಾಟಿದೆ. 2025ರಲ್ಲಿ ತಮನ್ನಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿ ಕೊಟ್ಟು ರಾಯಭಾರಿ ಮಾಡಿಕೊಂಡಾಗ ಕನ್ನಡದವರು ಯಾರೂ ಸಿಗಲಿಲ್ಲವೇ ಅಂತ ಜಗಳವಾಯಿತು. ಹೊರರಾಜ್ಯದ ಮಾರುಕಟ್ಟೆಗಾಗಿ ಅಂತ ಸರ್ಕಾರ ಸಮಜಾಯಿಷಿ ಕೊಟ್ಟಿತು. ನನಗೆ ಅದಕ್ಕಿಂತ ಮುಖ್ಯ ಅನ್ನಿಸಿದ್ದು 2024ರ ಜನವರಿಯ ಸುದ್ದಿ. ಹೈದರಾಬಾದಿನಲ್ಲಿ ಇದೇ ಸೋಪಿನ ನಕಲಿ ಮಾಡುತ್ತಿದ್ದವರು ಸಿಕ್ಕಿಬಿದ್ದಿದ್ದರು. ಹೆಸರಿಲ್ಲದ ಸೋಪನ್ನು ಯಾರಾದರೂ ನಕಲು ಮಾಡುತ್ತಾರೆಯೇ? ಹೊಸಬರ ಚಿಂತೆ "ನಮ್ಮನ್ನು ಯಾರು ನಂಬ್ತಾರೆ" ಅನ್ನೋದು. ಹಳಬರ ಚಿಂತೆ "ನಂಬಿದವರ ಕೈಗೆ ಅಸಲಿ ಸಿಗ್ತಿದೆಯಾ" ಅನ್ನೋದು. ಆನ್‌ಲೈನಲ್ಲಿ ಮುಖ ಕಾಣದ ಮಾರಾಟಗಾರರೇ ಜಾಸ್ತಿ, ಹಾಗಾಗಿ ಹಳಬರು ಮೊದಲು ಕಾವಲಿಗೆ ಖರ್ಚು ಮಾಡಲಿ, ಮುಖಕ್ಕೆ ಆಮೇಲೆ.

ಸರಿ, ನಮ್ಮ ಹುಡುಗರು ಏನು ಮಾಡಬೇಕು? ಸಾಲ ತಂದು ಆನ್‌ಲೈನ್ ಜಾಹೀರಾತಿಗೆ ಸುರಿಯಬೇಡ್ರಪ್ಪಾ. ಎಫ್ಎಸ್ಎಸ್ಎಐ ನಂಬರು ಮಾಡಿಸಿ, ಬಾಟಲಿ ಮೇಲೆ ಫೋನ್ ನಂಬರ್ ಹಾಕಿ, ಬೆಟ್ಟದ ಕೆಳಗೇ ಮಾರಿ. ಬೆಂಗಳೂರಿನಿಂದ ವಾರಾ ವಾರಾ ಬರುವವರ ಅಂಗೈಗೆ ಒಂದು ಚಮಚ ಹಾಕಿ, ಮೂಸಿ ನೋಡಲಿ. ಮೊದಲ ಬಾಟಲಿ ಕೈಯಿಂದ ಕೈಗೆ, ಎರಡನೆಯದು ಬೇಕಾದರೆ ಮೊಬೈಲಿನಲ್ಲಿ. ಮನೆಗೆ ಹೋದವರು ನಿಮ್ಮ ಹೆಸರನ್ನೇ ಟೈಪ್ ಮಾಡಿ ಹುಡುಕಿದ ದಿನ ನಿಮ್ಮದೂ ಬ್ರಾಂಡ್ ಆಯಿತು ಅಂದುಕೊಳ್ಳಿ.

ನೀವೇನಂತೀರಿ? ನೀವು ಹೆಸರೇ ಕೇಳದ ತುಪ್ಪವನ್ನು ಬರೀ ಫೋಟೋ ನೋಡಿ ತರಿಸಿಕೊಳ್ತೀರಾ?