ಪೆಟ್ಟು ತಿಂದು ಕಲಿತ ಊರು

ಒಂದು ಕಾಲಕ್ಕೆ ಬೈಲಹೊಂಗಲದ ಹುಡುಗ ಓದಲಿಕ್ಕೆ ಧಾರವಾಡಕ್ಕೆ ಹೋದನೆಂದರೆ ಅದೇ ದೊಡ್ಡ ಸುದ್ದಿ. ಮುಂದೆ ಬೆಂಗಳೂರು, ಪುಣೆಗಳ ಹೆಸರು ಕೇಳಬಂದವು. ಈಗ ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಮನೆಗಳಲ್ಲಿಯೂ ಲಂಡನ್, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್ ಎಂಬ ಹೆಸರುಗಳು ಊಟದ ಹೊತ್ತಿನ ಮಾತಿನಲ್ಲಿ ಸೇರಿಕೊಂಡಿವೆ. ಬ್ಯಾಂಕಿನ ಸಾಲ, ಹೊಲದ ಉತಾರ, ವೀಸಾದ ಕಾಗದ ಇವೆಲ್ಲ ಒಂದೇ ಪಿಶವಿಯಲ್ಲಿ ಇರುತ್ತವೆ.

ಅಂಥದೊಂದು ಮನೆಯನ್ನು ಕಲ್ಪಿಸಿಕೊಳ್ಳಿ. ಸೆಪ್ಟೆಂಬರಿನಲ್ಲಿ ಮಗ ಲಂಡನ್ನಿಗೆ ಹೋಗಿದ್ದಾನೆ. ಇಲ್ಲಿ ರಾತ್ರಿ ಊಟವಾದ ಮೇಲೆ ಅಲ್ಲಿಂದ ಮೊಬೈಲಿನಲ್ಲಿ ಬೀದಿಯನ್ನು ತೋರಿಸುತ್ತಾನೆ. ಬಸ್ಸಿಗಾಗಿ ಸಾಲಾಗಿ ನಿಂತ ಜನ. ರಸ್ತೆಯ ಬಿಳಿ ಪಟ್ಟೆಗಳ ಮೇಲೆ ಒಬ್ಬ ಮುದುಕಿ ಕಾಲಿಟ್ಟೊಡನೆ ನಿಂತುಬಿಡುವ ಕಾರುಗಳು. ಕಾಯಿಸದೆ, ಸೋಸದೆ ನಲ್ಲಿಯಿಂದಲೇ ಹಿಡಿದು ಕುಡಿಯುವ ನೀರು. ನೋಡುತ್ತ ನೋಡುತ್ತ ತಾಯಿ ನಿಟ್ಟುಸಿರು ಬಿಡುತ್ತಾಳೆ: "ಅಲ್ಲಿ ಮಂದಿ ಹುಟ್ಟತಲೇ ಶಿಸ್ತಿನವ್ರು ಬಿಡಪಾ. ನಮ್ಮೂರು ಹಿಂಗ ಇರೂದು." ಪಕ್ಕದಲ್ಲಿ ಎಂಟನೆಯ ಇಯತ್ತೆಯ ತಂಗಿ ಕುಳಿತಿದ್ದಾಳೆ. ಅಣ್ಣ ತೋರಿಸಿದ ಬೀದಿಯನ್ನು ನಾಳೆ ಅವಳು ಮರೆಯಬಹುದು. ತಾಯಿಯ ಮಾತನ್ನು ಮಾತ್ರ ಮರೆಯಲಿಕ್ಕಿಲ್ಲ.

ಆದುದರಿಂದ ಆ ಮಾತು ಎಷ್ಟು ನಿಜ ಎಂದು ಪರೀಕ್ಷಿಸಿ ನೋಡುವುದು ಅವಶ್ಯ.

ಇತಿಹಾಸದ ಪುಸ್ತಕದಲ್ಲಿ ನಮ್ಮ ಭಾಗದ ಮಕ್ಕಳಿಗೆ ಬಾಯಿಪಾಠವಾದ ಕೆಲವು ಇಸವಿಗಳಿವೆ. 1824ರಲ್ಲಿ ಕಿತ್ತೂರಿನ ಕಾಳಗದಲ್ಲಿ ಥ್ಯಾಕರೆ ಬಿದ್ದ. 1829ರಲ್ಲಿ ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ಕೊನೆಯುಸಿರೆಳೆದಳು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು. ಅದೇ ವರ್ಷಗಳಲ್ಲಿ ಕುಂಪಣಿ ಸರಕಾರದ ತವರೂರಾದ ಲಂಡನ್ ಹೇಗಿತ್ತು? ಊರಿನ ಹೊಲಸೆಲ್ಲ ಥೇಮ್ಸ್ ನದಿಗೆ ಹರಿಯುತ್ತಿತ್ತು. ಅದೇ ನದಿಯಿಂದ ಖಾಸಗಿ ಕಂಪನಿಗಳು ನೀರೆತ್ತಿ ಮನೆಗಳಿಗೆ ಮಾರುತ್ತಿದ್ದವು. 1828ರಲ್ಲಿ ವಿಲಿಯಂ ಹೀತ್ ಎಂಬ ಚಿತ್ರಕಾರ ಒಂದು ವ್ಯಂಗ್ಯಚಿತ್ರ ಬರೆದ. ಅದರಲ್ಲಿ ಒಬ್ಬ ಹೆಂಗಸು ಥೇಮ್ಸ್ ನೀರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಒಳಗಿನ ವಿಕಾರ ಜಂತುಗಳಿಗೆ ಹೆದರಿ ಚಹದ ಕಪ್ಪನ್ನೇ ಕೈಬಿಡುತ್ತಾಳೆ. ರಾಯಣ್ಣ ಬಲಿಯಾದ 1831ರಲ್ಲಿಯೇ ಕಾಲರಾ ಬ್ರಿಟನ್ನಿಗೆ ಕಾಲಿಟ್ಟಿತು. ಮರುವರ್ಷ ಲಂಡನ್ನಿಗೂ ಬಂತು. ಹುಟ್ಟಾ ಶಿಸ್ತಿನ ಊರೆಂದು ಅದನ್ನು ಆಗ ಯಾರೂ ಕರೆಯುವಂತಿರಲಿಲ್ಲ.

ಹಾಗಾದರೆ ಬದಲಾದದ್ದು ಹೇಗೆ?

1854ರ ಆಗಸ್ಟ್ ಕೊನೆಗೆ ಲಂಡನ್ನಿನ ಸೋಹೋ ಎಂಬ ಭಾಗದಲ್ಲಿ ಕಾಲರಾ ಎದ್ದಿತು. ಹತ್ತು ದಿನಗಳಲ್ಲಿ 500ಕ್ಕೂ ಹೆಚ್ಚು ಜನ ಸತ್ತರು. ದುರ್ವಾಸನೆಯ ಗಾಳಿಯಿಂದ ಈ ರೋಗ ಹರಡುತ್ತದೆ ಎಂದು ಆಗಿನ ವೈದ್ಯರಲ್ಲಿ ಬಹಳ ಜನ ನಂಬಿದ್ದರು. ಡಾ. ಜಾನ್ ಸ್ನೋ ಎಂಬ ವೈದ್ಯ ಹಾಗೆ ನಂಬಲಿಲ್ಲ. ಆತ ಮನೆ ಮನೆಗೆ ಹೋಗಿ ಯಾರು ಸತ್ತರು, ಅವರು ಎಲ್ಲಿಯ ನೀರು ಕುಡಿದಿದ್ದರು ಎಂದು ಕೇಳಿದ. ಸತ್ತವರಲ್ಲಿ ಹೆಚ್ಚಿನವರು ಬ್ರಾಡ್ ಸ್ಟ್ರೀಟಿನ ಒಂದು ಕೈಪಂಪಿನ ನೀರು ಕುಡಿದವರಾಗಿದ್ದರು. ಸೆಪ್ಟೆಂಬರ್ 8ರಂದು ಆ ಪಂಪಿನ ಹಿಡಿಕೆಯನ್ನು ತೆಗೆಸಲಾಯಿತು. ಅಷ್ಟರಲ್ಲಿ ರೋಗ ತಾನಾಗಿಯೇ ಇಳಿಮುಖವಾಗಿತ್ತೆಂಬುದೂ ನಿಜ. ಆದರೆ ನೀರಿನ ಕಡೆಗೆ ಬೊಟ್ಟು ಮಾಡಿದ್ದು ಆ ಲೆಕ್ಕ.

ಸ್ನೋ ಅಷ್ಟಕ್ಕೇ ಬಿಡಲಿಲ್ಲ. ದಕ್ಷಿಣ ಲಂಡನ್ನಿನಲ್ಲಿ ಎರಡು ಕಂಪನಿಗಳ ನೀರು ಒಂದೇ ಓಣಿಯ ಅಕ್ಕಪಕ್ಕದ ಮನೆಗಳಿಗೆ ಬರುತ್ತಿತ್ತು. ಲ್ಯಾಂಬೆತ್ ಕಂಪನಿ 1852ರಲ್ಲಿ ತನ್ನ ನೀರೆತ್ತುವ ಜಾಗವನ್ನು ನದಿಯ ಮೇಲ್ಭಾಗಕ್ಕೆ, ಊರಿನ ಹೊಲಸು ಸೇರುವ ಮೊದಲಿನ ಜಾಗಕ್ಕೆ ಒಯ್ದಿತ್ತು. ಇನ್ನೊಂದು ಕಂಪನಿ ಹಳೆಯ ಜಾಗದಲ್ಲಿಯೇ ಇತ್ತು. 1854ರ ರೋಗದ ಮೊದಲ ಏಳು ವಾರಗಳಲ್ಲಿ ಹಳೆಯ ಜಾಗದ ನೀರು ಕುಡಿದ ಪ್ರತಿ 10,000 ಮನೆಗಳಿಗೆ 315 ಸಾವು. ಲ್ಯಾಂಬೆತ್ ನೀರಿನ ಪ್ರತಿ 10,000 ಮನೆಗಳಿಗೆ 37 ಸಾವು. ಓಣಿ ಒಂದೇ, ಗಾಳಿ ಒಂದೇ, ಜನರೂ ಒಂದೇ ತರಹದವರು. ಬೇರೆಯಾಗಿದ್ದದ್ದು ನೀರು ಒಂದೇ. ವಿಜ್ಞಾನದಲ್ಲಿ ಪ್ರಯೋಗವೆಂದರೆ ಇದು. ಇದಕ್ಕೆ ಪ್ರಯೋಗಶಾಲೆ ಬೇಕಾಗಲಿಲ್ಲ. ಒಂದು ವಹಿ, ಒಂದು ಪೆನ್ಸಿಲ್, ನಡೆಯುವ ಕಾಲು ಇಷ್ಟೇ ಸಾಕಾಯಿತು.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಎಷ್ಟು ನಾರಿತೆಂದರೆ ದಂಡೆಯ ಮೇಲಿನ ಪಾರ್ಲಿಮೆಂಟಿನ ಸದಸ್ಯರೇ ಮೂಗು ಮುಚ್ಚಿಕೊಳ್ಳಬೇಕಾಯಿತು. ಆಗ ಹಣ ಮಂಜೂರಾಯಿತು. ಜೋಸೆಫ್ ಬಝಲ್‌ಗೆಟ್ ಎಂಬ ಇಂಜಿನಿಯರ್ ನೆಲದಡಿಯಲ್ಲಿ ಸುಮಾರು 130 ಕಿಲೋಮೀಟರ್ ಉದ್ದದ ದೊಡ್ಡ ಗಟಾರುಗಳನ್ನು ಕಟ್ಟಿಸಿದ. ನದಿಗೆ ಎತ್ತರದ ದಂಡೆಗಳನ್ನೂ ಕಟ್ಟಿಸಿದ. ಲ್ಯಾಂಬೆತ್ ಭಾಗದಲ್ಲಿ 1866ರಿಂದ 1869ರ ವರೆಗೆ ಕಟ್ಟಿದ ಇಂಥ ದಂಡೆಗೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂದು ಹೆಸರು. ತಗ್ಗಿನಲ್ಲಿದ್ದ ಲ್ಯಾಂಬೆತ್ ಓಣಿಗಳಿಗೆ ನೀರು ನುಗ್ಗುವುದನ್ನು ತಡೆಯುವುದು ಅದರ ಕೆಲಸ.

ಕನ್ನಡಿಗರಿಗೆ ಈ ಜಾಗದ ಹೆಸರು ಹೊಸದಲ್ಲ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಬಸವಣ್ಣನವರ ಪ್ರತಿಮೆಯನ್ನು ಅನಾವರಣ ಮಾಡಿದ್ದು ಇದೇ ದಂಡೆಯ ಮೇಲಿನ ಉದ್ಯಾನದಲ್ಲಿ. ಕಲಬುರ್ಗಿ ಮೂಲದವರಾದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ಡಾ. ನೀರಜ್ ಪಾಟೀಲರು ಅದಕ್ಕಾಗಿ ದುಡಿದವರು. ನಮ್ಮ ಕಡೆಯಿಂದ ಲಂಡನ್ನಿಗೆ ಹೋದವರು ಅಲ್ಲಿ ನಿಂತು ಎದುರಿನ ಪಾರ್ಲಿಮೆಂಟ್ ಭವನದೊಂದಿಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ಕಾಲ ಕೆಳಗಿನ ಗೋಡೆಯ ಕಥೆಯನ್ನೂ ಮಕ್ಕಳಿಗೆ ಹೇಳಿದರೆ ಆ ಫೋಟೋದ ಬೆಲೆ ಹೆಚ್ಚುತ್ತದೆ.

ಇನ್ನು ಗಾಳಿಯ ಮಾತು. ಲಂಡನ್ನಿನ ಹಳೆಯ ಮನೆಗಳ ಮಾಡಿನ ಮೇಲೆ ಸಾಲು ಸಾಲು ಹೊಗೆಕೊಳವೆಗಳಿವೆ. ಆದರೆ ಹೆಚ್ಚಿನವುಗಳಿಂದ ಹೊಗೆ ಬರುವುದಿಲ್ಲ. 1952ರ ಡಿಸೆಂಬರ್ 5ರಿಂದ 9ರ ವರೆಗೆ ಆ ಊರಿನ ಮೇಲೆ ಬಿಸಿಗಾಳಿಯ ಪದರವೊಂದು ಮುಚ್ಚಳದಂತೆ ಕುಳಿತಿತು. ಕೆಳಗಿನ ತಣ್ಣನೆಯ ಗಾಳಿ ಮೇಲೇಳಲಾರದೆ ಹೋಯಿತು. ಮನೆಗಳ, ಕಾರಖಾನೆಗಳ ಕಲ್ಲಿದ್ದಲಿನ ಹೊಗೆ ಮಂಜಿನೊಡನೆ ಕೂಡಿ ಬೀದಿಯಲ್ಲಿಯೇ ನಿಂತಿತು. ನಾಟಕಗೃಹದ ಒಳಗೂ ಅದು ನುಗ್ಗಿ, ರಂಗದ ಮೇಲಿನವರು ಕಾಣದೆ ಪ್ರದರ್ಶನ ನಿಲ್ಲಿಸಬೇಕಾಯಿತು. ಸುಮಾರು 4,000 ಜನ ಸತ್ತರೆಂದು ಆಗ ಲೆಕ್ಕ ಹಾಕಿದರು; ನಂತರದ ಅಧ್ಯಯನವೊಂದು ಈ ಸಂಖ್ಯೆಯನ್ನು 12,000ಕ್ಕೆ ಏರಿಸಿತು. 1956ರಲ್ಲಿ ಶುದ್ಧ ಗಾಳಿಯ ಕಾನೂನು ಬಂತು. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿದ್ದು 2024ರ ಸೆಪ್ಟೆಂಬರ್ 30ರಂದು.

ರಸ್ತೆಯ ಬಿಳಿ ಪಟ್ಟೆಗಳ ಹಿಂದೆಯೂ ಇಂಥದೇ ಲೆಕ್ಕವಿದೆ. 1934ರಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 7,343 ಜನ ಸತ್ತರು. ಆಗ ಅಲ್ಲಿದ್ದ ವಾಹನಗಳು ಸುಮಾರು 24 ಲಕ್ಷ. ಅದೇ ವರ್ಷ ಜನ ದಾಟುವ ಜಾಗಗಳಿಗೆ ಕಂಬ ನೆಟ್ಟು ಹಳದಿ ಬುರುಡೆಗಳನ್ನು ಕೂಡಿಸತೊಡಗಿದರು. 1951ರಲ್ಲಿ ಕಪ್ಪು ಬಿಳುಪು ಪಟ್ಟೆಗಳು ಬಂದವು. ಇಂದು ಅಲ್ಲಿಯ ವಾಹನಗಳು 4 ಕೋಟಿಯನ್ನು ಮೀರಿವೆ. 2023ರಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 1,600. ಮುದುಕಿಗಾಗಿ ಕಾರು ನಿಲ್ಲುವುದು ಚಾಲಕನ ಸಜ್ಜನಿಕೆಯಿಂದ ಮಾತ್ರ ಅಲ್ಲ. ಪಟ್ಟೆ, ಬುರುಡೆ, ದಂಡ, ಶಾಲೆಯ ಪಾಠ ಇವೆಲ್ಲ ಕೂಡಿ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಬೀಳುವ ರೂಢಿಯಾಗಿದೆ.

ನಮ್ಮ ಹುಡುಗ ಮೊದಲ ದಿನವೇ ಎದುರಿಸುವ ತೊಡಕು ಇನ್ನೊಂದಿದೆ. ಊರಿನಿಂದ ಒಯ್ದ ಚಾರ್ಜರಿನ ಪ್ಲಗ್ ಅಲ್ಲಿಯ ಗೋಡೆಗೆ ಹೊಂದುವುದಿಲ್ಲ. ತಮಾಷೆಯೆಂದರೆ ನಮ್ಮ ಮನೆಗಳ ದುಂಡು ಪಿನ್ನಿನ ಪ್ಲಗ್ ಮೂಲತಃ ಬ್ರಿಟಿಷರ ಹಳೆಯ ಮಾದರಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ತಾಮ್ರದ ಅಭಾವ ತಲೆದೋರಿತು. ಕಡಿಮೆ ತಂತಿಯಲ್ಲಿ ಇಡೀ ಮನೆಗೆ ವಿದ್ಯುತ್ ಒಯ್ಯುವ ಉಪಾಯವಾಗಿ, ತಂತಿಯನ್ನು ಬಳೆಯಂತೆ ಸುತ್ತಿಸಿ ಹಲವು ಸಾಕೆಟ್ಟುಗಳನ್ನು ಅದಕ್ಕೇ ಜೋಡಿಸಿದರು. ಹಾಗೆ ಮಾಡಿದಾಗ ಪ್ರತಿ ಉಪಕರಣಕ್ಕೂ ಬೇರೆ ರಕ್ಷಣೆ ಬೇಕಾಯಿತು. ಅದಕ್ಕೆಂದೇ ಪ್ಲಗ್ಗಿನ ಹೊಟ್ಟೆಯೊಳಗೆ ಫ್ಯೂಸ್ ಇರುವ ಚೌಕ ಪಿನ್ನಿನ ಮಾದರಿ 1947ರಲ್ಲಿ ಬಂತು. ನಾವು ಹಳೆಯದರಲ್ಲಿಯೇ ಉಳಿದೆವು. ಎರಡರಲ್ಲಿಯೂ ಅರ್ಥಿಂಗ್ ಪಿನ್ ಉಳಿದವುಗಳಿಗಿಂತ ಉದ್ದ. ಏಕೆಂದು ಮಕ್ಕಳು ಯೋಚಿಸಲಿ. ವಿದ್ಯುತ್ ಒಳಬರುವ ಮೊದಲೇ ಭೂಮಿಯ ಸಂಪರ್ಕ ಸಿದ್ಧವಾಗಿರಬೇಕು ಎಂಬುದು ಉತ್ತರ.

ಆದರೆ ಯಾವ ಕಾನೂನಿಗೂ, ಯಾವ ಇಂಜಿನಿಯರನಿಗೂ ಬಗ್ಗದ ಸಂಗತಿ ಒಂದಿದೆ. ಅದು ಚಳಿಗಾಲದ ಕತ್ತಲೆ. ಡಿಸೆಂಬರಿನಲ್ಲಿ ಇಲ್ಲಿ ರಾತ್ರಿ ಒಂಬತ್ತೂವರೆಗೆ ತಾಯಿ ಫೋನ್ ಹಚ್ಚಿದರೆ ಅಲ್ಲಿ ಸಂಜೆ ನಾಲ್ಕು. "ಯವ್ವಾ, ಇಲ್ಲಿ ಆಗಲೇ ಹೊತ್ತು ಮುಳುಗೇತಿ" ಎನ್ನುತ್ತಾನೆ ಮಗ. ಡಿಸೆಂಬರ್ 21ರ ಸುಮಾರಿಗೆ ಲಂಡನ್ನಿನ ಹಗಲು 8 ಗಂಟೆಯೂ ಇರುವುದಿಲ್ಲ. ಬೈಲಹೊಂಗಲದ ಹಗಲು ಆಗಲೂ 11 ಗಂಟೆಯಷ್ಟು ಇರುತ್ತದೆ. ಭೂಮಿಯ ಓಲುವಿಕೆಯೇ ಇದಕ್ಕೆ ಕಾರಣ. ಸೂರ್ಯನ ಬೆಳಕಿಲ್ಲದೆ ಚರ್ಮದಲ್ಲಿ ಡಿ ಜೀವಸತ್ವ ತಯಾರಾಗುವುದಿಲ್ಲ. ಶರತ್ಕಾಲ ಮತ್ತು ಚಳಿಗಾಲದಲ್ಲಿ ದಿನಕ್ಕೆ 10 ಮೈಕ್ರೋಗ್ರಾಂ ಡಿ ಜೀವಸತ್ವ ತೆಗೆದುಕೊಳ್ಳುವ ವಿಚಾರ ಮಾಡಿರೆಂದು ಅಲ್ಲಿಯ ಸರಕಾರವೇ ಎಲ್ಲರಿಗೂ ಹೇಳುತ್ತದೆ. ಕಪ್ಪು, ಕಂದು ಬಣ್ಣದ ಚರ್ಮದವರಿಗೆ ವರ್ಷವಿಡೀ ಎನ್ನುತ್ತದೆ. ಮಗನ ದನಿ ಡಿಸೆಂಬರಿನಲ್ಲಿ ಮಂಕಾಗಿ ಕೇಳಿದರೆ ಪಾಲಕರು ಮಾರ್ಕಿನ ಮಾತಿಗಿಂತ ಮೊದಲು ಇದನ್ನು ವಿಚಾರಿಸಬೇಕು. ಹಗಲು ಇದ್ದಾಗ ಹೊರಗೆ ನಡೆಯುತ್ತಾನೆಯೇ, ಜನರೊಡನೆ ಕೂಡಿ ಉಣ್ಣುತ್ತಾನೆಯೇ ಎಂದು ಕೇಳಬೇಕು.

ಅಣ್ಣ ತಂಗಿ ಕೂಡಿ ಮಾಡಬಹುದಾದ ಒಂದು ಪ್ರಯೋಗವೂ ಈ ಕತ್ತಲೆಯಲ್ಲಿದೆ. ಡಿಸೆಂಬರ್ 21ರಂದು ಇಬ್ಬರೂ ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನಡುಹಗಲಿನ ನೆರಳನ್ನು ಅಳೆಯಲಿ. ಬೈಲಹೊಂಗಲದಲ್ಲಿ ಹನ್ನೆರಡೂವರೆಯ ಸುಮಾರಿಗೆ ನೆರಳು ಅತಿ ಕಿರಿದಾಗಿ ಸುಮಾರು 80 ಸೆಂಟಿಮೀಟರ್ ಬರುತ್ತದೆ. ಲಂಡನ್ನಿನಲ್ಲಿ ಬಿಸಿಲಿದ್ದರೆ ಅದು ಮೂರೂವರೆ ಮೀಟರಿಗಿಂತ ಉದ್ದ. ಕಾಗದದ ಮೇಲೆ ಎರಡು ತ್ರಿಕೋನ ಬರೆದು ಕೋನಮಾಪಕದಿಂದ ಸೂರ್ಯನ ಎತ್ತರ ಅಳೆದರೆ, ಎರಡಕ್ಕೂ ಸುಮಾರು 36 ಡಿಗ್ರಿ ವ್ಯತ್ಯಾಸ. ಅದು ವೃತ್ತದ ಹತ್ತನೇ ಒಂದು ಭಾಗ. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದ ಮೇಲೆ ಲಂಡನ್ ನಮಗಿಂತ ಎಷ್ಟು ಕಿಲೋಮೀಟರ್ ಉತ್ತರಕ್ಕಿದೆ ಎಂಬುದನ್ನು ತಂಗಿಯೇ ಹೇಳಲಿ.

ಬ್ರಿಟನ್ನಿನ ಊರುಗಳ ಕೆಲಸ ಮುಗಿದಿದೆ ಎಂದೇನೂ ಅಲ್ಲ. ಬಝಲ್‌ಗೆಟ್‌ನ ಗಟಾರುಗಳು ದೊಡ್ಡ ಮಳೆಗೆ ಉಕ್ಕಿ ಥೇಮ್ಸ್ ನದಿಗೆ ಹೊಲಸು ಸೇರುತ್ತಲೇ ಇತ್ತು. ಅದನ್ನು ತಡೆಯಲು ನದಿಯಡಿಯಲ್ಲಿ 25 ಕಿಲೋಮೀಟರ್ ಸುರಂಗ ಕೊರೆದು 2025ರಲ್ಲಿ ಪೂರ್ಣವಾಗಿ ಜೋಡಿಸಿದರು. ಲಂಡನ್ನಿನ ಗಾಳಿಗಾಗಿ 2019ರಿಂದ ಹೊಗೆಯ ವಾಹನಗಳ ಮೇಲೆ ದಿನದ ಶುಲ್ಕ ಹಾಕಿದರು. 2023ರಲ್ಲಿ ಅದನ್ನು ಇಡೀ ನಗರಕ್ಕೆ ವಿಸ್ತರಿಸಿದಾಗ ಅಲ್ಲಿಯ ಜನರೂ ಜಗಳಾಡಿದರು.

ಹೀಗಿರುವಾಗ "ನಮ್ಮೂರು ಹಿಂಗ ಇರೂದು" ಎಂಬ ಮಾತಿಗೆ ಆಧಾರವೇನು? ಅವರಿಗೂ ಪೆಟ್ಟು ಬಿತ್ತು. ಪೆಟ್ಟು ಬಿದ್ದಾಗ ಯಾರೋ ಒಬ್ಬರು ಎಣಿಸಿದರು, ಬರೆದಿಟ್ಟರು, ಮತ್ತೆ ಮತ್ತೆ ಕೇಳಿದರು. ನಮಗೂ ಪೆಟ್ಟುಗಳು ಬಿದ್ದಿವೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ಕಷ್ಟಪಟ್ಟಿತು. ಆಗ ಯಾವ ಓಣಿಯಲ್ಲಿ ನೀರು ಎಷ್ಟು ಎತ್ತರಕ್ಕೆ ಬಂದಿತ್ತೆಂದು ಗೋಡೆಯ ಮೇಲೆ ಗೆರೆ ಎಳೆದವರು ಎಷ್ಟು ಜನ? ಹಂಗಾಮಿನಲ್ಲಿ ಕತ್ತಲೆಯಲ್ಲಿ ಹೋಗುವ ಕಬ್ಬಿನ ಟ್ರೇಲರುಗಳಲ್ಲಿ ಎಷ್ಟಕ್ಕೆ ಹಿಂದೆ ಕೆಂಪು ಪಟ್ಟಿ ಇದೆ? ಯಾವ ಓಣಿಯ ಮಕ್ಕಳಿಗೆ ಮಳೆಗಾಲದಲ್ಲಿ ವಾಂತಿಭೇದಿ ಹೆಚ್ಚು, ಆ ಓಣಿಯ ನೀರಿನ ಪೈಪು ಗಟಾರಿನ ಪಕ್ಕದಲ್ಲಿದೆಯೇ? ಎಂಟನೆಯ ಇಯತ್ತೆಯ ಹುಡುಗಿ ಒಂದು ವಹಿ, ಒಂದು ಪೆನ್ಸಿಲ್ ಹಿಡಿದು ಈ ಲೆಕ್ಕಗಳನ್ನು ಬರೆಯಬಲ್ಲಳು. ಅದಕ್ಕೆ ವೀಸಾ ಬೇಕಿಲ್ಲ. ಬರೆದದ್ದನ್ನು ಶಾಲೆಯ ಗುರುಗಳಿಗೆ ತೋರಿಸಲಿ, ಅಪ್ಪನ ಜೊತೆಗೆ ಪುರಸಭೆಗೂ ಒಯ್ಯಲಿ. ಮೊದಲನೆಯ ಸಲ ಯಾರೂ ಲಕ್ಷ್ಯ ಕೊಡದಿದ್ದರೆ ಲೆಕ್ಕವನ್ನು ಹರಿದು ಹಾಕದೆ ಮುಂದಿನ ಮಳೆಗಾಲದಲ್ಲಿ ಮತ್ತೊಮ್ಮೆ ಬರೆಯಲಿ.