ಸಾಲಕ್ಕೆ ಹೋದ ಹುಡುಗ

ಚಿನ್ನದ ಸಾಲ, ಬೆಳೆ ಸಾಲ, ಮನೆ ಸಾಲ, ಎಲ್ಲವನ್ನೂ ಬ್ಯಾಂಕಿನ ಲೆಡ್ಜರಿನಲ್ಲಿ ಬರೆದವನು ನಾನು. ಆದರೆ ಮಕ್ಕಳೇ, ಫುಟ್‌ಬಾಲಿನಲ್ಲಿ ಆಟಗಾರನನ್ನೇ ಸಾಲ ಕೊಡುತ್ತಾರೆ! ತನ್ನ ಕ್ಲಬ್ಬಿನಲ್ಲಿ ಜಾಗ ಸಿಗದ ಹುಡುಗನನ್ನು ಕೆಲವು ತಿಂಗಳು ಬೇರೆ ಕ್ಲಬ್ಬಿಗೆ ಆಡಲು ಕಳಿಸುತ್ತಾರೆ. ಅವಧಿ ಮುಗಿದರೆ ವಾಪಸು. ಅಜ್ಜ ಅಜ್ಜಿಯರಿಗೆ ಡೆಪ್ಯುಟೇಶನ್ ಎಂದರೆ ಬೇಗ ಅರ್ಥವಾದೀತು.

ಇಂಗ್ಲೆಂಡಿನ ಹ್ಯಾರಿ ಕೇನ್ ಹೀಗೆ ನಾಲ್ಕು ಸಲ ಸಾಲಕ್ಕೆ ಹೋದವನು. ಹುಟ್ಟಿದ್ದು 1993ರಲ್ಲಿ, ಲಂಡನ್ನಿನಲ್ಲಿ. ಆಡುವುದು ಫಾರ್ವರ್ಡ್ ಜಾಗದಲ್ಲಿ, ಅಂದರೆ ಗೋಲು ಹೊಡೆಯುವುದೇ ಕೆಲಸ. ಆರ್ಸೆನಲ್ ಕ್ಲಬ್ಬಿನವರು ಚಿಕ್ಕಂದಿನಲ್ಲಿ ಸೇರಿಸಿಕೊಂಡು, ಎಂಟೊಂಬತ್ತು ವರ್ಷಕ್ಕೇ ಸಾಕು ಹೋಗು ಎಂದರು. ಅಷ್ಟು ಎಳೆಯ ಮಗುವಿನ ಮೇಲೆ ಷರಾ ಬರೆಯುವುದು ನನಗಂತೂ ಒಪ್ಪಿಗೆಯಿಲ್ಲ. ಮುಂದೆ ಅವರ ಬದ್ಧ ಎದುರಾಳಿ ಟಾಟನ್‌ಹ್ಯಾಮ್ ಅವನನ್ನು ತೆಗೆದುಕೊಂಡಿತು.

2011ರ ಜನವರಿ, ಹುಡುಗನಿಗೆ ಹದಿನೇಳು. ಮೂರನೇ ದರ್ಜೆಯ ಪುಟ್ಟ ಕ್ಲಬ್ಬು ಲೇಟನ್ ಓರಿಯೆಂಟ್‌ಗೆ ಮೊದಲ ಸಾಲ: 18 ಪಂದ್ಯ, 5 ಗೋಲು. ಆಗಸ್ಟಿನಲ್ಲಿ ಟಾಟನ್‌ಹ್ಯಾಮ್ ಪರ ಮೊದಲ ಪಂದ್ಯ ಆಡಿದ; ಸಿಕ್ಕ ಪೆನಾಲ್ಟಿಯನ್ನು ಗೋಲ್‌ಕೀಪರ್ ತಡೆದುಬಿಟ್ಟ. ಮತ್ತೆ ಮೂಟೆ ಕಟ್ಟಿದ. ಮಿಲ್ವಾಲ್‌ನಲ್ಲಿ 27 ಪಂದ್ಯ, 9 ಗೋಲು. ನಾರ್ವಿಚ್‌ನಲ್ಲಿ ಕಾಲಿನ ಮೂಳೆ ಮುರಿದು ಆಡಿದ್ದೇ 5 ಪಂದ್ಯ, ಗೋಲು ಸೊನ್ನೆ. ಲೆಸ್ಟರ್‌ನಲ್ಲಿ 15 ಪಂದ್ಯ, 2 ಗೋಲು.

ಕೂಡಿಸಿ ನೋಡಿ: 65 ಪಂದ್ಯ, 16 ಗೋಲು. ಈ ಲೆಕ್ಕ ಕಂಡ ಯಾವ ಮ್ಯಾನೇಜರೂ ಮುಂದಿನ ಸಾಲ ಮಂಜೂರು ಮಾಡಲಾರ.

ಲೆಸ್ಟರ್‌ನ ದಿನಗಳೇ ಕಷ್ಟದವು. ಎರಡನೇ ದರ್ಜೆಯ ತಂಡ, ಅಲ್ಲೂ ಎಷ್ಟೋ ಸಲ ಬದಲಿ ಆಟಗಾರರ ಬೆಂಚೇ ಗತಿ. ಇಲ್ಲೇ ಜಾಗ ಸಿಗದಿದ್ದರೆ ಟಾಟನ್‌ಹ್ಯಾಮ್‌ನಲ್ಲಿ ಹೇಗೆ ಸಿಕ್ಕೀತು ಎಂದು ಅವನಿಗೆ ದಿಗಿಲು. ನೋಡಲು ಬಂದ ಅಪ್ಪ ಅಮ್ಮನ ಹತ್ತಿರ, ಇಲ್ಲಿಂದ ಹೊರಟುಬಿಡುತ್ತೇನೆ ಎಂದನಂತೆ. ದುಡಿಯುತ್ತಾ ಇರು ಎಂದರಂತೆ ಅಪ್ಪ. ಆ ದಿನಗಳಲ್ಲೇ ಟಾಮ್ ಬ್ರೇಡಿ ಕುರಿತ ಸಾಕ್ಷ್ಯಚಿತ್ರವೊಂದು ಕಣ್ಣಿಗೆ ಬಿತ್ತು. ಬ್ರೇಡಿ ಅಮೆರಿಕದ ಫುಟ್‌ಬಾಲಿನವರು, ಅದು ಬೇರೆಯೇ ಆಟ. ಹೊಸಬರನ್ನು ಆರಿಸುವಾಗ ಅವರ ಸರದಿ ಬಂದದ್ದು 199ನೆಯದಾಗಿ. ಆಮೇಲೆ ಆ ಆಟದ ದೊಡ್ಡ ಹೆಸರಾದರು. ಅದು ಹುಡುಗನ ಮನಸ್ಸಿಗೆ ಎಷ್ಟು ನಾಟಿತೆಂದರೆ, ಮುಂದೆ ಸಾಕಿದ ನಾಯಿಗೂ ಬ್ರೇಡಿ ಎಂದೇ ಹೆಸರಿಟ್ಟ.

ಟಾಟನ್‌ಹ್ಯಾಮ್ ಪರ ಪ್ರೀಮಿಯರ್ ಲೀಗಿನಲ್ಲಿ ಮೊದಲಿನ ಹನ್ನೊಂದು ಜನರಲ್ಲಿ ಅವನ ಹೆಸರು ಬಂದದ್ದು 2014ರ ಏಪ್ರಿಲ್ 7ರಂದು, ಸಂಡರ್‌ಲ್ಯಾಂಡ್ ವಿರುದ್ಧ. ಗೋಲು ಹೊಡೆದ. ಮುಂದಿನ ಋತುವಿನಲ್ಲಿ ಒಟ್ಟು 31 ಗೋಲು! 2015ರ ಮಾರ್ಚ್‌ನಲ್ಲಿ ಇಂಗ್ಲೆಂಡ್ ಪರ ಮೊದಲ ಪಂದ್ಯ, ಎದುರಾಳಿ ಲಿಥುವೇನಿಯಾ. ಬದಲಿ ಆಟಗಾರನಾಗಿ ಮೈದಾನಕ್ಕಿಳಿದು ಎರಡು ನಿಮಿಷವೂ ಆಗಿರಲಿಲ್ಲ, ಚೆಂಡು ಬಲೆಯೊಳಗಿತ್ತು.

2020ರಲ್ಲಿ ಕೊರೊನಾದಿಂದ ಆಟ ನಿಂತು ಸಣ್ಣ ಕ್ಲಬ್ಬುಗಳು ಹಣವಿಲ್ಲದೆ ಪರದಾಡಿದವಲ್ಲ, ಆಗ ಕೇನ್ ಲೇಟನ್ ಓರಿಯೆಂಟ್‌ನ ಅಂಗಿಯ ಪ್ರಾಯೋಜಕತ್ವಕ್ಕೆ ತಾನೇ ಹಣ ಕೊಟ್ಟ. ಎದೆಯ ಮೇಲೆ ತನ್ನ ಹೆಸರು ಹಾಕಿಸಲಿಲ್ಲ. ಒಂದು ಅಂಗಿಯ ಮೇಲೆ ಕೊರೊನಾ ಕಾಲದಲ್ಲಿ ಮುಂದೆ ನಿಂತು ದುಡಿದವರಿಗೆ ಧನ್ಯವಾದ, ಇನ್ನೊಂದರ ಮೇಲೆ ತೀರಾ ಕಾಯಿಲೆಯ ಮಕ್ಕಳನ್ನು ನೋಡಿಕೊಳ್ಳುವ ಸಂಸ್ಥೆಯೊಂದರ ಹೆಸರು.