ಒಂದು ತಿಂಗಳ ನಿಯಮ, ನಾಲ್ವರ ಜೊತೆ

ಶ್ರಾವಣ ಸಮೀಪಿಸಿತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಒಂದು ಬಗೆಯ ಪತ್ರ ತಪ್ಪದೆ ಇರುತ್ತದೆ. ಬರೆಯುವವರು ಬಹುಮಟ್ಟಿಗೆ ಗೃಹಿಣಿಯರು. ಊರು ಬೇರೆ, ಕೈಬರಹ ಬೇರೆ; ಒಳಗಿನ ಮಾತು ಒಂದೇ. ಮನೆಯ ಯಜಮಾನರು ಶ್ರಾವಣವಿಡೀ ಮದ್ಯವನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಭಾದ್ರಪದ ಹುಟ್ಟಿತೋ ಇಲ್ಲವೋ, ಬಿಟ್ಟುದನ್ನೆಲ್ಲ ಬಡ್ಡಿ ಸಮೇತ ತೀರಿಸಿಕೊಳ್ಳುತ್ತಾರೆ. ಇಂಥ ಒಂದು ತಿಂಗಳ ವೈರಾಗ್ಯದಿಂದ ಏನು ಫಲ, ಇದು ದೇವರಿಗೆ ಮಾಡುವ ವಂಚನೆಯಲ್ಲವೇ ಎಂದು ಆ ತಾಯಂದಿರು ಕೇಳುತ್ತಾರೆ.

ಇದಕ್ಕೆ ಹಿರಿಯರು ಕೊಡುವ ಸಿದ್ಧ ಉತ್ತರವೊಂದುಂಟು: ಬಿಟ್ಟರೆ ಪೂರ್ತಿ ಬಿಡಬೇಕು, ಇಲ್ಲವಾದರೆ ಬಿಟ್ಟಂತೆ ನಟಿಸಬಾರದು. ಕೇಳಲು ಈ ಮಾತು ಗಂಭೀರವಾಗಿದೆ. ಆದರೆ ಇದರಿಂದ ಕುಡಿತ ಬಿಟ್ಟವರಿಗಿಂತ, ಬಿಡುವ ಯತ್ನವನ್ನೇ ಕೈಬಿಟ್ಟವರ ಸಂಖ್ಯೆ ಹೆಚ್ಚೆಂದು ನಮ್ಮ ಅಭಿಪ್ರಾಯ. ಒಂದು ತಿಂಗಳೆಂಬುದು ಅಲ್ಪವಲ್ಲ. ಅದನ್ನು ಹೇಗೆ ಕಳೆದರು, ಯಾರೊಡನೆ ಕಳೆದರು ಎಂಬುದರ ಮೇಲೆ ಅದರ ಫಲ ನಿಂತಿದೆ.

ಈ ವಿಷಯದಲ್ಲಿ ಇಂಗ್ಲೆಂಡಿನ ಉದಾಹರಣೆಯನ್ನು ಅವಶ್ಯವಾಗಿ ಗಮನಿಸಬೇಕು. ಕ್ರಿಸ್ಮಸ್ ಮತ್ತು ಹೊಸ ವರ್ಷದ ಸಂಭ್ರಮದಲ್ಲಿ ಮಿತಿಮೀರಿ ಕುಡಿಯುವುದು ಆ ದೇಶದ ರೂಢಿ. ಎಮಿಲಿ ರಾಬಿನ್ಸನ್ ಎಂಬ ಮಹಿಳೆ 2011ರಲ್ಲಿ ದೂರದ ಓಟದ ಸ್ಪರ್ಧೆಯೊಂದಕ್ಕೆ ಅಣಿಯಾಗುತ್ತ ಜನವರಿ ತಿಂಗಳಿಡೀ ಮದ್ಯ ಮುಟ್ಟದೆ ಇದ್ದರು. ನಿದ್ರೆ ಸುಧಾರಿಸಿತು, ಮೈ ಹಗುರವಾಯಿತು. ಅದಕ್ಕಿಂತ ಮುಖ್ಯವಾಗಿ, ಕಂಡವರೆಲ್ಲ ಅದರ ವಿಚಾರವನ್ನೇ ಕೇಳತೊಡಗಿದರು. ಮುಂದೆ ಅವರು ಸೇರಿದ ಆಲ್ಕೋಹಾಲ್ ಕನ್ಸರ್ನ್ ಎಂಬ ಸಂಸ್ಥೆ 2013ರಲ್ಲಿ ‘ಡ್ರೈ ಜನವರಿ’ ಎಂಬ ಹೆಸರಿನಿಂದ ಇದನ್ನು ಸಾರ್ವಜನಿಕ ಕಾರ್ಯಕ್ರಮವಾಗಿಸಿತು. ಮೊದಲ ವರ್ಷ ಹೆಸರು ಕೊಟ್ಟವರು ಸುಮಾರು 4,000 ಜನ. ಬಳಿಕ ಅದು ದೇಶದ ವಾಡಿಕೆಯೇ ಆಗಿ ಬೆಳೆಯಿತು.

ನಮ್ಮ ತಾಯಂದಿರು ಕೇಳುವ ಪ್ರಶ್ನೆಯನ್ನೇ ಅಲ್ಲಿನ ವಿದ್ವಾಂಸರೂ ಕೇಳಿದರು: ಫೆಬ್ರವರಿಯಲ್ಲಿ ಇವರ ಗತಿಯೇನು? ಸಸೆಕ್ಸ್ ವಿಶ್ವವಿದ್ಯಾಲಯದ ರಿಚರ್ಡ್ ಡಿ ವಿಸರ್ ಅವರು 2018ರ ಜನವರಿಯಲ್ಲಿ ಪಾಲ್ಗೊಂಡ 800ಕ್ಕೂ ಹೆಚ್ಚು ಜನರನ್ನು ಆಗಸ್ಟ್ ತಿಂಗಳಲ್ಲಿ ಮತ್ತೆ ವಿಚಾರಿಸಿದರು. ಮೊದಲು ವಾರಕ್ಕೆ ಸರಾಸರಿ 4.3 ದಿನ ಕುಡಿಯುತ್ತಿದ್ದವರು 3.3 ದಿನಕ್ಕೆ ಇಳಿದಿದ್ದರು. ತಿಂಗಳಿಗೆ 3.4 ಸಲ ಅಮಲೇರುವಷ್ಟು ಕುಡಿಯುತ್ತಿದ್ದವರು 2.1 ಸಲಕ್ಕೆ ಬಂದಿದ್ದರು. ತಿಂಗಳನ್ನು ಪೂರೈಸಲಾಗದೆ ನಡುವೆ ಜಾರಿದವರಲ್ಲಿಯೂ, ಪ್ರಮಾಣ ಕಡಿಮೆಯಾದರೂ, ಇದೇ ಬಗೆಯ ಲಾಭ ಕಂಡಿತು. ಸ್ವಂತ ಇಚ್ಛೆಯಿಂದ ಹೆಸರು ಕೊಟ್ಟವರು ಬದಲಾಗಲು ಮೊದಲೇ ಮನಸ್ಸು ಮಾಡಿದವರೆಂಬುದನ್ನು ಮರೆಯದೆ ಈ ಅಂಕಿಗಳನ್ನು ಓದಬೇಕು. ಬಡ್ಡಿ ಸಮೇತ ತೀರಿಸಿಕೊಳ್ಳುವುದು ಮಾತ್ರ ಅಲ್ಲಿ ಸಾಮಾನ್ಯ ನಿಯಮವಾಗಲಿಲ್ಲ.

ದೇಹದ ವಿಚಾರವನ್ನೂ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ವೈದ್ಯರು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದರು. ಒಂದು ತಿಂಗಳು ಮದ್ಯ ಬಿಟ್ಟ 94 ಜನರಲ್ಲಿ ರಕ್ತದೊತ್ತಡವೂ ತೂಕವೂ ಇಳಿದಿದ್ದವು. ಸಕ್ಕರೆ ಕಾಯಿಲೆಗೆ ದಾರಿಮಾಡುವ ಇನ್ಸುಲಿನ್ ಪ್ರತಿರೋಧವು ಸುಮಾರು ನಾಲ್ಕನೆಯ ಒಂದು ಪಾಲಿನಷ್ಟು ತಗ್ಗಿತ್ತು.

ಹಾಗಾದರೆ ನಮ್ಮ ಶ್ರಾವಣ ಸೋಲುವುದೆಲ್ಲಿ? ಈ ಅಧ್ಯಯನಗಳಲ್ಲಿಯೇ ಒಂದು ಸುಳಿವಿದೆ. ಪಾಲ್ಗೊಂಡವರಲ್ಲಿ ಹೆಚ್ಚಿದ್ದು ಬೇಡವೆಂದು ಹೇಳುವ ಆತ್ಮವಿಶ್ವಾಸ. ಶ್ರಾವಣದಲ್ಲಿ ಹಾಗೆ ಹೇಳುವ ಪ್ರಸಂಗವೇ ಬರುವುದಿಲ್ಲ. ಯಾರಾದರೂ ಕರೆದರೆ ‘ಶ್ರಾವಣ’ ಎಂದರೆ ಸಾಕು, ಕರೆದವರೇ ಹಿಂದೆ ಸರಿಯುತ್ತಾರೆ. ಮಾಸವೇ ಮಾತನಾಡುತ್ತದೆ, ಮನುಷ್ಯ ಸುಮ್ಮನಿರುತ್ತಾನೆ. ಸಂಜೆ 7 ಗಂಟೆಗೆ ತನ್ನ ಕಾಲು ಅಂಗಡಿಯ ಕಡೆಗೆ ಏಕೆ ಎಳೆಯುತ್ತಿತ್ತು, ದಣಿವಿಗೋ ಸಾಲದ ಚಿಂತೆಗೋ ಬರಿಯ ಗೆಳೆಯರ ಸಹವಾಸಕ್ಕೋ ಎಂಬುದನ್ನು ಅವನು ಒಮ್ಮೆಯೂ ವಿಚಾರಿಸಿಕೊಳ್ಳುವುದಿಲ್ಲ. ದಿನಗಳನ್ನು ಎಣಿಸಿದನು, ಅಷ್ಟೆ. ಮಾಸದ ಬೆಂಬಲ ತಪ್ಪಿದೊಡನೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದು ದೇವರಿಗೆ ಮಾಡಿದ ವಂಚನೆಯಲ್ಲ, ತಾಯಿ. ಅರ್ಧ ಮಾಡಿ ಬಿಟ್ಟ ಕೆಲಸ. ಉಳಿದರ್ಧಕ್ಕೆ ಜೊತೆ ಬೇಕು.

ಆ ಜೊತೆಯ ಮಹತ್ವವನ್ನು ಅರಿಯಲು 1935ರ ಒಂದು ಘಟನೆಯನ್ನು ಹೇಳದೆ ವಿಧಿಯಿಲ್ಲ. ನ್ಯೂಯಾರ್ಕಿನ ಬಿಲ್ ವಿಲ್ಸನ್ ಎಂಬ ವ್ಯವಹಾರಸ್ಥ ಕುಡಿತದಿಂದ ಸರ್ವಸ್ವವನ್ನೂ ಹಾಳುಮಾಡಿಕೊಂಡು, ಹಿಂದಿನ ಡಿಸೆಂಬರಿನಿಂದ ಕಷ್ಟಪಟ್ಟು ಬಿಟ್ಟಿದ್ದ. ಆ ಮೇ ತಿಂಗಳಲ್ಲಿ ಒಹಾಯೋ ರಾಜ್ಯದ ಆಕ್ರನ್ ಪಟ್ಟಣಕ್ಕೆ ಬಂದವನ ವ್ಯವಹಾರ ಮುರಿದುಬಿತ್ತು. ಅಪರಿಚಿತ ಊರು, ಬರಿದಾದ ಜೇಬು. ಹೋಟೆಲಿನ ಒಂದು ಬದಿಯಲ್ಲಿ ಮದ್ಯದ ಕೋಣೆ, ಇನ್ನೊಂದು ಬದಿಯಲ್ಲಿ ದೂರವಾಣಿ. ಈ ಹೊತ್ತಿನಲ್ಲಿ ತನ್ನಂಥ ಇನ್ನೊಬ್ಬ ಕುಡುಕನೊಡನೆ ಮಾತನಾಡದಿದ್ದರೆ ತಾನು ಉಳಿಯಲಾರೆನೆಂದು ಅವನಿಗೆ ಹೊಳೆಯಿತು. ಊರಿನ ಚರ್ಚುಗಳಿಗೆ ದೂರವಾಣಿ ಮಾಡುತ್ತ ಹೋಗಿ, ಕೊನೆಗೆ ಡಾ. ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯರ ಭೇಟಿಗೆ ದಾರಿಯಾಯಿತು. ಆ ವೈದ್ಯರೂ ಕುಡಿತಕ್ಕೆ ಸಿಕ್ಕಿ ನಲುಗಿದವರೇ. ಕಾಲು ಗಂಟೆ ಮಾತ್ರ ಕೂರುವೆನೆಂದು ಬಂದವರು ರಾತ್ರಿಯವರೆಗೆ ಏಳಲಿಲ್ಲ. ಅದುವರೆಗೆ ಅವರಿಗೆ ಉಪದೇಶ ಮಾಡಿದವರು ಬೇಕಾದಷ್ಟು ಮಂದಿ ಇದ್ದರು. ಈತ ತನ್ನ ಕಥೆಯನ್ನು ಹೇಳಿದ. ಅನಂತರ ಸ್ಮಿತ್ ಒಮ್ಮೆ ಜಾರಿದ್ದೂ ಉಂಟು. 1935ರ ಜೂನ್ 10 ಅವರು ಕೊನೆಯ ಸಲ ಕುಡಿದ ದಿನ. ‘ಆಲ್ಕೋಹಾಲಿಕ್ಸ್ ಅನಾನಿಮಸ್’ ಬಳಗ ಅದನ್ನೇ ತನ್ನ ಜನ್ಮದಿನವೆಂದು ಎಣಿಸುತ್ತದೆ. ಈ ಬಳಗದ ಸಭೆಗಳು ನಮ್ಮ ನಗರಗಳಲ್ಲಿಯೂ ನಡೆಯುತ್ತವೆ, ಶುಲ್ಕವಿಲ್ಲ. ಅಲ್ಲಿ ತಿಂಗಳ ಲೆಕ್ಕವೂ ಇಲ್ಲ. ಇಂದು ಒಂದು ದಿನ ಮುಟ್ಟುವುದಿಲ್ಲ ಎಂಬುದಷ್ಟೇ ಸಂಕಲ್ಪ. ಕುಡಿಯುವವರ ಮನೆಯವರಿಗೆಂದೇ 1951ರಲ್ಲಿ ಹುಟ್ಟಿದ ಅಲ್-ಅನಾನ್ ಎಂಬ ಬಳಗವೂ ಇದೆ; ವಿಲ್ಸನ್ನನ ಪತ್ನಿ ಲೋಯಿಸ್ ಅದನ್ನು ಕಟ್ಟಿದವರಲ್ಲಿ ಒಬ್ಬಳು.

ಕುಡುಕನನ್ನು ದೂರ ನಿಲ್ಲಿಸಿ ಬೈಯುವುದು ನಮ್ಮ ಪರಂಪರೆಯ ರೀತಿಯೂ ಅಲ್ಲ. 12ನೆಯ ಶತಮಾನದ ಶರಣರ ಸಾಲಿನಲ್ಲಿ ಹೆಂಡದ ಮಾರಯ್ಯನಿಗೂ ಸ್ಥಾನವಿತ್ತು. ನಮ್ಮ ಕಾಲದಲ್ಲಿ ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಮನೆಮನೆಗೆ ನಡೆದು, ಕಾಸನ್ನೂ ಕಾಳನ್ನೂ ಬೇಡದೆ, ‘ನಿಮ್ಮ ದುಶ್ಚಟವನ್ನು ಇದರಲ್ಲಿ ಹಾಕಿ’ ಎಂದು ಬೇಡಿದುದನ್ನು ಉತ್ತರ ಕರ್ನಾಟಕದ ಅನೇಕ ಕುಟುಂಬಗಳು ಬಲ್ಲವು. ಅವರು 2018ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಗೊಳ್ಳುತ್ತಿದೆ. ಗುರು ಭಕ್ತನ ಬಾಗಿಲಿಗೆ ಬಂದು ಕೈಚಾಚಿದರು ಎಂಬುದರಲ್ಲಿ ಜೋಳಿಗೆಯ ಶಕ್ತಿಯಿತ್ತು. ಕೊಟ್ಟವನು ಅಪರಾಧಿಯಾಗಲಿಲ್ಲ, ದಾನಿಯಾದ.

ಇನ್ನು ಮನೆಯಲ್ಲಿ ಮಾಡಬೇಕಾದುದನ್ನು ಹೇಳುತ್ತೇವೆ. ಅದಕ್ಕೆ ಮೊದಲು ಒಂದು ಎಚ್ಚರಿಕೆ. ಇದನ್ನು ದಯವಿಟ್ಟು ಎರಡು ಸಲ ಓದಿರಿ. ಬೆಳಗ್ಗೆ ಎದ್ದೊಡನೆ ಕೈ ನಡುಗುವವರು, ಆ ನಡುಕ ನಿಲ್ಲಲು ಮತ್ತೆ ಕುಡಿಯುವವರು, ವರ್ಷಗಳಿಂದ ದಿನವೂ ಹೆಚ್ಚು ಕುಡಿಯುತ್ತ ಬಂದವರು ವೈದ್ಯರನ್ನು ಕಾಣದೆ ಒಮ್ಮೆಲೇ ನಿಲ್ಲಿಸಬಾರದು. ಅಂಥವರಲ್ಲಿ ನಿಲ್ಲಿಸಿದ ಕೆಲವೇ ಗಂಟೆಗಳಲ್ಲಿ ಬೆವರು, ನಡುಕ, ನಿದ್ರಾಹೀನತೆ ತೋರುತ್ತವೆ. ಮೊದಲ ಎರಡು ದಿನಗಳಲ್ಲಿ ಮೂರ್ಛೆರೋಗದಂಥ ಸೆಳೆತ ಬರಬಹುದು. ಎರಡು ಮೂರನೆಯ ದಿನ ಇಲ್ಲದುದು ಕಾಣುವ, ಕೇಳುವ ಭ್ರಾಂತಿಯೂ ಬರಬಹುದು. ಇದು ಪ್ರಾಣಕ್ಕೇ ಎರವಾಗುವಂಥದು. ವ್ರತಭಂಗದ ಭಯದಿಂದ ಇದನ್ನು ಮನೆಯಲ್ಲಿ ಮುಚ್ಚಿಡಬೇಡಿ, ಗಾಳಿಸೋಂಕೆಂದು ಮಂತ್ರ ಹಾಕಿಸಲು ಒಯ್ಯಬೇಡಿ. ಆಸ್ಪತ್ರೆಯಲ್ಲಿ ಕೆಲವು ದಿನ ಔಷಧಿಯೊಡನೆ ಬಿಡಿಸಿದರೆ ಸುರಕ್ಷಿತವಾಗಿ ದಾಟಬಹುದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದಕ್ಕೆಂದೇ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆಮಾಡಿದರೆ ಮಾರ್ಗದರ್ಶನ ದೊರೆಯುತ್ತದೆ.

ಉಳಿದವರು ಮೂರು ನಾಲ್ಕು ಜನ ಕೂಡಿ ಆರಂಭಿಸಲಿ. ಒಂದೇ ಓಣಿಯವರಾದರೆ ಮೇಲು. ಎಲ್ಲರೂ ಕುಡಿಯುವವರೇ ಆಗಿರಬೇಕೆಂದಿಲ್ಲ, ಆದರೆ ಬಿಟ್ಟು ಗೆದ್ದವರೊಬ್ಬರು ಇರಲಿ. ಎಂದೂ ಮುಟ್ಟದವರ ಹತ್ತು ಮಾತಿಗಿಂತ ಅವರ ಒಂದು ಮಾತು ನಾಟುತ್ತದೆ. ಕುಡಿಯುವ ಹೊತ್ತು ಯಾವುದೋ ಅದೇ ಹೊತ್ತಿಗೆ ಕೂಡಬೇಕು. ಸಂಜೆ 7ಕ್ಕೆ ಅಂಗಡಿ ಕರೆಯುವುದಾದರೆ ಮುಂಜಾನೆ 6ರ ಸತ್ಸಂಗದಿಂದ ಹೆಚ್ಚಿನ ಪ್ರಯೋಜನವಿಲ್ಲ. ಕೂಡಿದಾಗ ಉಪನ್ಯಾಸ ಬೇಡ. ಇಂದು ಮನಸ್ಸು ಎಲ್ಲಿ ಎಳೆಯಿತು, ಯಾರು ಕರೆದರು, ಏನು ಹೇಳಿ ತಪ್ಪಿಸಿಕೊಂಡೆ ಎಂದು ಒಬ್ಬೊಬ್ಬರು ಹೇಳಿದರೆ ಸಾಕು. ಮಾತು ಮುಗಿದ ಮೇಲೆ ಚುರುಮುರಿ, ಚಹಾ ಇರಲಿ. ಆ ದಿನ ಉಳಿದ ಹಣವನ್ನು ಒಂದು ಡಬ್ಬಿಗೆ ಹಾಕಿ, ಅದರ ಕೀಲಿ ಮನೆಯೊಡತಿಯ ಕೈಯಲ್ಲಿರಲಿ.

ತಾಯಂದಿರಿಗೆ ಒಂದು ಮಾತು. ಬಾಯಿ ಮೂಸಿ ನೋಡುವುದು, ಜೇಬು ತಡಕುವುದು, ಅತ್ತೆಯ ಮುಂದೆ ಹಳೆಯ ಲೆಕ್ಕ ತೆಗೆಯುವುದು, ಇವನ್ನು ಈ ಮೂವತ್ತು ದಿನ ನೀವೂ ಬಿಡಬೇಕು. ಇದು ನಿಮ್ಮ ವ್ರತ. ಎಷ್ಟು ಕಠಿಣವೆಂಬುದನ್ನು ನಾವು ಬಲ್ಲೆವು. ಎಷ್ಟೋ ಮನೆಗಳಲ್ಲಿ ಗಂಡನ ವ್ರತಕ್ಕಿಂತ ಇದೇ ಮೊದಲು ಮುರಿಯುತ್ತದೆ. ಆದರೆ ಹೊಡೆತವನ್ನು ಸಹಿಸಿಕೊಂಡು ಸುಮ್ಮನಿರಿ ಎಂದು ಇದರ ಅರ್ಥವಲ್ಲ. ಕೈ ಮಾಡುವ ಗಂಡನ ವಿಚಾರವನ್ನು ಕುಡಿತದ ಹೆಸರಿನಲ್ಲಿ ಕ್ಷಮಿಸಬೇಕಾಗಿಲ್ಲ. ಅದಕ್ಕೆ ಕಾನೂನಿದೆ, ತವರಿದೆ, ಹಿರಿಯರಿದ್ದಾರೆ.

ಹನ್ನೆರಡನೆಯ ದಿನ ಮದುವೆಯ ಮನೆಯಲ್ಲಿ ಒಬ್ಬ ಜಾರಿದನೆನ್ನಿ. ‘ಹೇಗೂ ಕೆಟ್ಟಿತು’ ಎಂದು ಉಳಿದ ಹದಿನೆಂಟು ದಿನಗಳನ್ನೂ ಕೆಡಿಸುವುದು ಸಾಮಾನ್ಯ. ಹದಿಮೂರನೆಯ ದಿನ ಅವನು ಮತ್ತೆ ಅದೇ ಜಗುಲಿಗೆ ಬಂದು ಕೂರುವಂತೆ ಉಳಿದವರು ಹೋಗಿ ಕರೆತರಬೇಕು. ಬಂದವನನ್ನು ನೋಡಿ ನಗಬಾರದು.

ಕಡೆಯದು ಮೂವತ್ತೊಂದನೆಯ ದಿನದ ವಿಚಾರ. ಅದನ್ನು ಆ ದಿನವೇ ನಿರ್ಣಯಿಸಲು ಹೊರಟರೆ ಗೆಳೆಯರೂ ಅಂಗಡಿಯೂ ಕೂಡಿ ನಿರ್ಣಯಿಸಿಬಿಡುತ್ತಾರೆ. ಆದುದರಿಂದ ಇಪ್ಪತ್ತೈದನೆಯ ಸಂಜೆಗೆ ಡಬ್ಬಿ ತೆರೆದು, ಹೆಂಡತಿ ಮಕ್ಕಳನ್ನೂ ಕೂರಿಸಿಕೊಂಡು, ಹಣವನ್ನು ಎಣಿಸಿ ಮಾತನಾಡಿರಿ. ಪೂರ್ತಿ ಬಿಡುವೆನೆನ್ನುವವನು ಹಾಗೆ ಹೇಳಲಿ. ಇನ್ನೊಂದು ತಿಂಗಳೆನ್ನುವವನು ಹಾಗೆಯೇ ಹೇಳಲಿ. ಜಗುಲಿಯ ಕೂಟವಂತೂ ಭಾದ್ರಪದದಲ್ಲಿಯೂ ಅದೇ ಹೊತ್ತಿಗೆ ನಡೆಯಲಿ, ವಾರಕ್ಕೆ ಒಂದು ದಿನವಾದರೂ ಸರಿ.